ಸೆರಗಿನ ಗಂಟಿನೊಳಗೆ ಕೇಬಲ್

ನನ್ನ ಮೊಮ್ಮಗಳು ಪ್ರಣಾಲಿ ಸದಲಗಾಕ್ಕೆ ಒಬ್ಬಳೇ ಹೋಗಿ, ಎರಡು ಡ್ರೈವ್ ಇರುವ ಹೊಸ ಕಂಪ್ಯೂಟರಿಗೆ ವಿಂಡೋಸ್ ಹಾಕಿ ಬಂದಿದ್ದಾಳೆ. ಈ ಸುದ್ದಿಯನ್ನು ನಮ್ಮ ಓಣಿಯಲ್ಲಿ ಎಲ್ಲರಿಗೂ ಹೇಳಿ ಆಯಿತು. ಹಾಲಿನವನಿಗೆ ಹೇಳಿದೆ. ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಿದೆ. ಅವನು ಸಿಲಿಂಡರನ್ನು ಹೆಗಲ ಮೇಲೆ ಇಟ್ಟುಕೊಂಡೇ ಪೂರ್ತಿ ಕೇಳಿದ, ಪಾಪ. ಚಿಕ್ಕೋಡಿಯಲ್ಲಿ ಹೇಳುವುದಕ್ಕೆ ಇನ್ನು ಯಾರೂ ಉಳಿದಿಲ್ಲ. ಆದ್ದರಿಂದ ಬರೆಯಲು ಕೂತಿದ್ದೇನೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ತಪ್ಪುಗಳಿದ್ದರೆ ಅವು ನನ್ನವು, ತಿದ್ದಿದ್ದು ಪ್ರಣಾಲಿ. ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಈ ಕೆಲಸ ನಿಜವಾಗಿ ಹೇಗಿತ್ತು ಎಂದು ಗೊತ್ತಾಗಲಿ ಎಂಬುದು ನನ್ನ ಉದ್ದೇಶ. ನಡುನಡುವೆ ಮೊಮ್ಮಗಳ ಮಾತು ಬರುತ್ತದೆ. ಅದನ್ನು ತಡೆಯುವುದು ನನ್ನಿಂದ ಆಗುವುದಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ಕಸಬರಿಗೆ ಹಿಡಿದುಕೊಂಡು. ಚಿಕ್ಕೋಡಿಯಲ್ಲಿ ಶ್ರೀಪಾಲ ಅಣ್ಣಾ ಎಂಬುವರ ಅಂಗಡಿ. ಅವರು ಮೊದಲು ಟೈಪಿಂಗ್ ಕಲಿಸುತ್ತಿದ್ದರು. ಟೈಪಿಂಗ್ ಯಂತ್ರಗಳಿಗೆ ಕಾಲ ಮುಗಿದ ಮೇಲೆ ಅದೇ ಕೋಣೆಯಲ್ಲಿ ಕಂಪ್ಯೂಟರ್ ಜೋಡಿಸಿ ಮಾರತೊಡಗಿದರು. ನನ್ನ ಕೆಲಸ ಅಂಗಡಿ ಗುಡಿಸುವುದು, ನೀರು ತುಂಬುವುದು. ಆಗ ನಿಪ್ಪಾಣಿಯ ತಂಬಾಕು ಗೋದಾಮುಗಳಿಂದ ಕಂಪ್ಯೂಟರುಗಳು ರಿಪೇರಿಗೆ ಬರುತ್ತಿದ್ದವು. ಡಬ್ಬಿ ತೆರೆದರೆ ಒಳಗೆಲ್ಲ ತಂಬಾಕಿನ ಧೂಳು. ಅಣ್ಣಾ ಒಮ್ಮೆ ಸೀನಲು ಶುರು ಮಾಡಿದರೆ ಗಿರಾಕಿಗಳು ಎದ್ದು ಹೊರಗೆ ನಿಲ್ಲುತ್ತಿದ್ದರು.

“ಶೇವಂತಾ, ಇದನ್ನ ಅಂಗಳಕ್ಕ ಒಯ್ದು ಝಾಡಿಸಿ ತಾ” ಎನ್ನುತ್ತಿದ್ದರು.

ನನಗೆ ಸೀನು ಬರುತ್ತಿರಲಿಲ್ಲ. ನಾನು ಹುಟ್ಟಿದ್ದೇ ನಿಪ್ಪಾಣಿಯಲ್ಲಿ. ಲಗ್ನಕ್ಕೆ ಮೊದಲು ಬೀಡಿ ಸುತ್ತಿದವಳು. ಬಣ್ಣ ಹಚ್ಚುವ ಬ್ರಷ್ ಹಿಡಿದು ಒಳಗಿನ ಒಂದೊಂದು ಸಂದಿಯನ್ನೂ ಝಾಡಿಸುತ್ತಿದ್ದೆ. ಹಾಗೆ ಝಾಡಿಸುತ್ತ ಯಾವ ಪಟ್ಟಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಂಡೆ. ಒಂದು ದಿನ ಅಣ್ಣಾ ನನ್ನ ಬೆರಳು ನೋಡುತ್ತ ನಿಂತರು.

“ಬೀಡಿ ಸುತ್ತತಿದ್ದೇನ ನೀ?”

“ಹೌದ್ರಿ ಅಣ್ಣಾರ.”

“ಹಂಗಾದ್ರ ಈ ಸಣ್ಣ ಪಿನ್ನಾ ಅಲ್ಲೆ ಕೂಡಿಸು ನೋಡೂಣು. ನನ್ನ ಬಟ್ಟು ಹಿಡಿಯಾಂಗಿಲ್ಲ.”

ಕೂಡಿಸಿದೆ. ಬೀಡಿಗೆ ಸುತ್ತುವ ದಾರಕ್ಕಿಂತ ಅದು ದಪ್ಪವೇ ಇತ್ತು. ಅಂದಿನಿಂದ ಕಸಬರಿಗೆ ಬೆಳಿಗ್ಗೆ ಮಾತ್ರ, ಉಳಿದ ಹೊತ್ತು ಸ್ಕ್ರೂಡ್ರೈವರ್. ಬಡ್ತಿ ಎಂದರೆ ಇಷ್ಟೇ ಸಿಕ್ಕಿದ್ದು, ಆದ್ದರಿಂದ ಆ ವಿಷಯ ಇಲ್ಲಿಗೆ ಮುಗಿಯಿತು.

ಆ ಪಿನ್ನು ಯಾವುದಕ್ಕೆ ಎಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮೊದಲು ಎರಡು ಡ್ರೈವ್‌ಗಳನ್ನು ಒಂದೇ ಅಗಲ ಪಟ್ಟಿಗೆ ಜೋಡಿಸುತ್ತಿದ್ದರು. ಯಾವುದು ಮುಖ್ಯ, ಯಾವುದು ಎರಡನೆಯದು ಎಂದು ಆ ಪಿನ್ ಹಾಕಿ ಕಂಪ್ಯೂಟರಿಗೆ ತಿಳಿಸಬೇಕಿತ್ತು. ಅಣ್ಣಾ ಹೇಳಿಕೊಟ್ಟರು: “ನೋಡು, ಇದು ಯಜಮಾನ, ಇದು ಆಳು. ಇಂಗ್ರಜಿ ಒಳಗ ಹಂಗ ಅಂತಾರ.”

ನಮ್ಮದು ಬೌದ್ಧರ ಮನೆ. ಯಜಮಾನ ಮತ್ತು ಆಳು ಎಂಬ ಲೆಕ್ಕದಲ್ಲಿ ನಾವು ಯಾವ ಕಡೆ ನಿಂತಿದ್ದೆವು ಎಂದು ನನ್ನ ಅತ್ತೆ ನನಗೆ ಸಾಕಷ್ಟು ಹೇಳಿದ್ದರು. ನಾನು ಕೇಳಿದೆ: “ಅಣ್ಣಾರ, ಅಕ್ಕ ತಂಗಿ ಅಂದ್ರ ನಡೀತೈತೇನ್ರಿ?”

ಅಣ್ಣಾ ವಿಚಾರ ಮಾಡಿದರು. “ಕಂಪ್ಯೂಟರಿಗೇನೂ ತಿಳಿಯಂಗಿಲ್ಲ. ಅನ್ನು” ಎಂದರು.

ಅಂದಿನಿಂದ ನಮ್ಮ ಅಂಗಡಿಯಲ್ಲಿ ಹಳೆಯ ಡ್ರೈವ್ ಅಕ್ಕ, ಹೊಸದು ತಂಗಿ. ಗಿರಾಕಿಯ ಸಾಮಾನೆಲ್ಲ ಅಕ್ಕನ ಹತ್ತಿರ. ಹೊಸ ವಿಂಡೋಸ್ ತಂಗಿಯ ಮೇಲೆ. ಅಕ್ಕನನ್ನು ಮುಟ್ಟಬಾರದು. ಇಡೀ ವಿದ್ಯೆ ಇಷ್ಟೇ. ಉಳಿದದ್ದು ಕಾಯುವುದು.

ಇಂಗ್ಲಿಷ್ ನನಗೆ ಓದಲು ಬರುತ್ತಿರಲಿಲ್ಲ, ಗುರುತು ಹಿಡಿಯಲು ಬರುತ್ತಿತ್ತು. ನಡುವೆ ಕತ್ತರಿಯಂತೆ ಗೀಟು ಇದ್ದರೆ ಅದು ನೆಕ್ಸ್ಟ್, ಅಂದರೆ ಮುಂದೆ ಹೋಗು ಎಂಬುದು. ಕೊಕ್ಕೆಯಿಂದ ಶುರುವಾದರೆ ಫಾರ್ಮ್ಯಾಟ್, ಅಂದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುವುದು. ಆ ಕೊಕ್ಕೆ ಕಂಡ ಕೂಡಲೇ ಕೈ ಹಿಂದಕ್ಕೆ ತೆಗೆದು ಅಣ್ಣಾರನ್ನು ಕರೆಯುತ್ತಿದ್ದೆ. ಎಲ್ಲಿ ಹಾಕಬೇಕು ಎಂದು ಕೇಳುವ ಪುಟದಲ್ಲಿ ಎರಡೂ ಡ್ರೈವ್‌ಗಳ ಹೆಸರು ಒಂದರ ಕೆಳಗೆ ಒಂದು ಬರುತ್ತವೆ. ಒಂದಕ್ಕೆ ಸೊನ್ನೆ ಎಂದು ಹೆಸರು, ಇನ್ನೊಂದಕ್ಕೆ ಒಂದು. ಸೊನ್ನೆ ಎಂದರೆ ಖಾಲಿ ಎಂದು ತಿಳಿಯಬೇಡಿ. ನಿಮ್ಮ ಗಿರಾಕಿಯ ಬಾಳೆಲ್ಲ ಆ ಸೊನ್ನೆಯಲ್ಲಿ ಇರಬಹುದು. ಹೆಸರು ಬಿಟ್ಟು ಗಾತ್ರ ನೋಡಿ. ಗಾತ್ರ ನೋಡುವುದೂ ಯಾವಾಗಲೂ ಸಾಲುವುದಿಲ್ಲ ಎಂದು ತಿಳಿದದ್ದು ಅಥಣಿಯ ಕೆಲಸದಲ್ಲಿ.

ಅದನ್ನು ಹೇಳುವ ಮೊದಲು ಶ್ರೀಪಾಲ ಅಣ್ಣಾರ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಜೈನರು, ಬಹಳ ನೇಮದವರು. ಹೊತ್ತು ಮುಳುಗುವ ಮೊದಲೇ ಊಟ ಆಗಬೇಕು. ಮುಳುಗಿದ ಮೇಲೆ ತುತ್ತು ಬಾಯಿಗೆ ಇಡುತ್ತಿರಲಿಲ್ಲ. ಹೀಗಾಗಿ ಮಧ್ಯಾಹ್ನ ದಾಟಿದರೆ ನಮ್ಮ ಅಂಗಡಿಯಲ್ಲಿ ಹೊಸ ವಿಂಡೋಸ್ ಹಾಕಲು ಶುರು ಮಾಡುತ್ತಿರಲಿಲ್ಲ. ಆಗಿನ ಕಂಪ್ಯೂಟರುಗಳು ಎಷ್ಟು ನಿಧಾನ ಎಂದರೆ, ಒಮ್ಮೆ ಶುರು ಮಾಡಿದರೆ ಅದು ಮುಗಿಯುವುದೋ ಸೂರ್ಯ ಮುಳುಗುವುದೋ ಎಂದು ಪಂದ್ಯ ಬಿದ್ದಂತೆ ಆಗುತ್ತಿತ್ತು. ಅಣ್ಣಾ ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಪಶ್ಚಿಮದ ಕಿಟಕಿಯ ಮೇಲೆ ಇಡುತ್ತಿದ್ದರು. ಸಿಟ್ಟು ಬಂದರೆ ಮರಾಠಿ, ಸಮಾಧಾನ ಇದ್ದರೆ ಕನ್ನಡ ಮಾತಾಡುತ್ತಿದ್ದರು. ನನಗೆ ಹೆಚ್ಚಾಗಿ ಕನ್ನಡದಲ್ಲೇ ಮಾತಾಡಿದ್ದಾರೆ.

ಅಥಣಿಯಿಂದ ಮಾರುತಿ ಮಾಮಾ ಬಂದರು. ಚಪ್ಪಲಿ ಮಾಡುವವರು. ಅವರ ಅಪ್ಪ ಕಾಗದದ ಮೇಲೆ ಬರೆದಿಟ್ಟಿದ್ದ ಚಪ್ಪಲಿಯ ನಮೂನೆಗಳನ್ನೆಲ್ಲ, ಅಟ್ಟೆಯ ಆಕಾರ, ಪಟ್ಟಿಯ ಹೆಣಿಗೆ, ಎಲ್ಲವನ್ನೂ ಮಗಳ ಕೈಯಿಂದ ಕಂಪ್ಯೂಟರಿನಲ್ಲಿ ಹಾಕಿಸಿದ್ದರು. ಹಾಕಿಸಿದ ಮೇಲೆ ಕಾಗದಗಳನ್ನು ಅಟ್ಟದ ಮೇಲೆ ಇಟ್ಟರು, ಅಲ್ಲಿ ಇಲಿಗಳು ತಮ್ಮ ಪಾಲು ತೆಗೆದುಕೊಂಡವು. ಈಗ ಹೊಸ ಕಂಪ್ಯೂಟರ್ ಬೇಕು, ಹಳೆಯ ಡ್ರೈವ್ ಅದರಲ್ಲಿ ಎರಡನೆಯದಾಗಿ ಇರಬೇಕು ಎಂದರು. ಅಕ್ಕ ತಂಗಿ ಇಬ್ಬರೂ ಒಂದೇ ಕಂಪನಿಯವರು, ಒಂದೇ ಗಾತ್ರದವರು.

ಆ ದಿನ ಕರೆಂಟು ಹೋಗಿ ಬಂದು, ಕೆಲಸ ಸಂಜೆಗೆ ಬಂತು. ನಾನು ಹೇಳಿದೆ: “ಅಣ್ಣಾರ, ನಾಳೆ ಮಾಡೂಣ್ರಿ. ಹೊತ್ತು ಮುಳಗಾಕತ್ತೈತಿ.”

“ಆಗ್ತೈತಿ ಬಿಡ. ಇಷ್ಟ ಒತ್ತಿ ಎದ್ದ ಹೋಗ್ತೀನಿ.”

ಒತ್ತಿದರು. ಕಿಟಕಿ ನೋಡಿದರು. ಪರದೆ ನೋಡಿದರು. ಆಮೇಲೆ ಬಹಳ ಹೊತ್ತು ಪರದೆಯನ್ನೇ ನೋಡಿದರು.

“ಅರ್ರ ದೇವಾ” ಎಂದರು, ಮರಾಠಿಯಲ್ಲಿ. ಅಳಿಸಿಹೋದದ್ದು ಅಕ್ಕ.

ಆ ದಿನ ಅವರು ಊಟ ಮಾಡಲಿಲ್ಲ. ಹೊತ್ತು ಮುಳುಗಿತ್ತು ಎಂಬುದು ಒಂದು ಕಾರಣ. ಕೊಲ್ಹಾಪುರಕ್ಕೆ ಒಯ್ದು ಅಲ್ಲಿನವರಿಂದ ಅಳಿಸಿದ್ದನ್ನು ವಾಪಸು ತೆಗೆಸಲು ನೋಡಿದರು, ಏನೂ ಬರಲಿಲ್ಲ. ಅದರ ಮೇಲೆ ಹೊಸ ವಿಂಡೋಸ್ ಹರಡಿ ಕೂತಿತ್ತು.

ಮಾರುತಿ ಮಾಮಾ ಬಂದಾಗ ಅಣ್ಣಾ ಎದ್ದು ನಿಂತು ಹೇಳಿದರು. ಮಾಮಾ ಕೇಳಿಕೊಂಡರು. “ಎಲ್ಲಾನೂ ಹ್ವಾದ್ವೇನ್ರಿ?” ಎಂದು ಒಮ್ಮೆ ಕೇಳಿದರು. “ಎಲ್ಲಾ” ಎಂದರು ಅಣ್ಣಾ. ಚಹಾ ತರಿಸಿದೆವು. ಕುಡಿದರು. ಕಪ್ಪು ಕೆಳಗಿಟ್ಟು, ನಮ್ಮ ಪ್ರಿಂಟರಿನಿಂದ ಒಂದು ಬಿಳಿ ಹಾಳೆ ಎಳೆದು ನೆಲದ ಮೇಲೆ ಹಾಸಿದರು.

“ಕಾಲ ಇಡ್ರಿ ಸಾವಕಾರ.”

“ಯಾಕ್ರಿ ಮಾಮಾ?”

“ಮತ್ತ ಮೊದಲಿಂದ ಬರೀಬೇಕಲ್ಲ. ಮೊದಲನೇ ಕಾಲು ನಿಮ್ದ ಆಗಲಿ.”

ಅಣ್ಣಾ ಕಾಲಿಟ್ಟರು. ಮಾಮಾ ಮೊಣಕಾಲೂರಿ ಕೂತು ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದರು. ಆಮೇಲೆ ನನ್ನ ಕಾಲು. ಆಮೇಲೆ ಕೀಬೋರ್ಡ್ ಕೊಳ್ಳಲು ಬಂದಿದ್ದ ಒಬ್ಬ ಮಾಸ್ತರರ ಕಾಲು. ಮಾಮಾ ಪ್ರತಿ ಸಲ ಚಿಕ್ಕೋಡಿಗೆ ಬಂದಾಗಲೂ ನಮ್ಮ ಅಂಗಡಿಗೆ ಬಂದವರು ಪಾದ ಕೊಟ್ಟು ಹೋಗಬೇಕಾಯಿತು. ನಮೂನೆಗಳನ್ನು ಅವರು ನೆನಪಿನಿಂದ ಮತ್ತೆ ಬರೆದರು. ಅಪ್ಪನ ಕೈಯ ಒಂದು ಹೆಣಿಗೆ ಮಾತ್ರ ನೆನಪಿಗೆ ಬರಲಿಲ್ಲ. ಅದನ್ನು ಈಗಲೂ ಕೂತಲ್ಲಿ ನಿಂತಲ್ಲಿ ಬೆರಳಿನಲ್ಲಿ ಹೆಣೆದು ನೋಡುತ್ತಿರುತ್ತಾರೆ. ಡ್ರೈವ್ ಅಳಿಸುವುದು ಎಂದರೆ ಇದು.

ಮಾಮಾ ಬಂದು ಹೋದ ಮರುದಿನ ಅಣ್ಣಾ ಕಾನೂನು ಮಾಡಿದರು. ಗಾತ್ರ, ಹೆಸರು ಯಾವುದನ್ನೂ ನಂಬುವುದಿಲ್ಲ. ಇನ್ನು ಅಕ್ಕ ತಂಗಿಗೆ ಒಂದೇ ಪಟ್ಟಿ ಬೇಡ, ಬೇರೆ ಬೇರೆ ಕೇಬಲ್; ವಿಂಡೋಸ್ ಹಾಕುವ ಮೊದಲು ಅಕ್ಕನ ಕೇಬಲ್ ಕಿತ್ತು ತೆಗೆಯುವುದು. ಕೇಬಲ್ಲೇ ಇಲ್ಲದಿದ್ದರೆ ಪರದೆಯ ಮೇಲೆ ಅಕ್ಕ ಕಾಣುವುದೇ ಇಲ್ಲ. ಕಾಣದ್ದನ್ನು ಯಾವ ಕೈಯೂ ಅಳಿಸಲಾರದು.

ಆದರೆ ಕಿತ್ತ ಕೇಬಲ್ ಎಲ್ಲಿ ಇಡುವುದು? ಮೇಜಿನ ಮೇಲೆ ಇಟ್ಟೆವು. ಬಂದವರೊಬ್ಬರು “ಇದು ಬಿಚ್ಚೈತಲ್ರಿ” ಎಂದು ತಾವೇ ಉಪಕಾರ ಮಾಡಿ ಜೋಡಿಸಿಬಿಟ್ಟರು. ಡ್ರಾಯರಿನಲ್ಲಿ ಇಟ್ಟೆವು. ಅಲ್ಲಿ ಕೆಟ್ಟ ಕೇಬಲ್ಲುಗಳ ಜೊತೆ ಸೇರಿ ಅದೂ ಕೆಟ್ಟಿತು. ಕೊನೆಗೆ ನಾನು ಅದನ್ನು ನನ್ನ ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ. ಹೆಣ್ಣುಮಗಳ ಸೆರಗಿಗೆ ಯಾರೂ ಕೈ ಹಾಕುವುದಿಲ್ಲ. ಗಿರಾಕಿ ಎಷ್ಟೇ ಶಾಣ್ಯಾ ಇದ್ದರೂ ದೂರ ನಿಲ್ಲುತ್ತಾನೆ.

ತಂಗಿ ಒಬ್ಬಳೇ ಪೂರ್ತಿ ಎದ್ದು ನಿಂತು, ಒಮ್ಮೆ ಆರಿಸಿ ಮತ್ತೆ ಹಚ್ಚಿ ನೋಡಿದ ಮೇಲೆ ನಾನು ಕೇಳುತ್ತಿದ್ದೆ: “ಅಣ್ಣಾರ, ಗಂಟ ಬಿಚ್ಚಲೇನ್ರಿ?” ಅವರು “ಬಿಚ್ಚು” ಎಂದರೆ ಮಾತ್ರ ಬಿಚ್ಚುವುದು. ಆರಿಸಿ, ಅಕ್ಕನಿಗೆ ಕೇಬಲ್ ಕೊಟ್ಟು, ಹಚ್ಚಿ, ಗಿರಾಕಿಗೆ ಅವರ ಸಾಮಾನು ತೋರಿಸಿ ಕಳಿಸುವುದು. ಆಗಿನ ಕೇಬಲ್ ಮಂಚದ ನವಾರಿನಷ್ಟು ಅಗಲ. ಗಂಟು ಕಟ್ಟಿದರೆ ಬುತ್ತಿಯಂತೆ ಕಾಣುತ್ತಿತ್ತು.

“ಮಾವಶಿ, ರೊಟ್ಟಿ ಕಟಗೊಂಡ ಬಂದೀರೇನ್ರಿ?” ಎಂದು ಗಿರಾಕಿಗಳು ಕೆಣಕುತ್ತಿದ್ದರು.

“ಹೌದ್ರಿ, ನಿಮ್ಮವ. ತಣ್ಣಗ ಕುಂದರ್ರಿ, ಇಲ್ಲಾಂದ್ರ ಉಪಾಸ ಬೀಳ್ತೀರಿ” ಎನ್ನುತ್ತಿದ್ದೆ.

ಕೇಬಲ್ ಕೀಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ನಾವು ರಾಯಬಾಗದ ಒಬ್ಬ ಭಜನೆ ಹಿರಿಯರಿಂದ ತಿಳಿದೆವು. ಅವರು ಎಲ್ಲಿಯೋ ಕಂಪ್ಯೂಟರ್ ಹಾಕಿಸಿಕೊಂಡಿದ್ದರು, ಎರಡು ಡ್ರೈವಿನದು. ಚೆನ್ನಾಗಿ ನಡೆಯುತ್ತಿತ್ತು. ದೊಡ್ಡ ಡ್ರೈವ್ ಖಾಲಿ ಇದೆ ಎಂದು ಅದನ್ನು ಅಳಿಯನಿಗೆ ಕೊಟ್ಟರು. ಮರುದಿನ ಮುಂಜಾನೆ ಕಂಪ್ಯೂಟರ್ ಎದ್ದೇಳಲಿಲ್ಲ. ಕರಿ ಪರದೆ. ಹಿರಿಯರು ನಮ್ಮ ಅಂಗಡಿಗೆ ಬಂದು ಕೂತು ಕಣ್ಣೊರೆಸಿಕೊಂಡರು.

“ಅಳಿಯಾ ನಮ್ಮ ಕಂಪ್ಯೂಟರಿನ ಜೀವಾನ ಒಯ್ದಾನ್ರಿ. ಮಗಳ ಮುಂದ ಹ್ಯಾಂಗ ಹೇಳಲಿ?”

ಅಣ್ಣಾ ನೋಡಿದರು. ಹಿರಿಯರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಎರಡೂ ಡ್ರೈವ್ ಜೋಡಿಸಿಯೇ ವಿಂಡೋಸ್ ಹಾಕಿದರೆ ಕೆಲವು ಸಲ ಅದು ಮನೆಯನ್ನು ತಂಗಿಯ ಓಣಿಯಲ್ಲಿ ಕಟ್ಟಿ, ಕಂಪ್ಯೂಟರ್ ಎದ್ದೇಳುವಾಗ ಒಳಗೆ ಹೋಗುವ ಬಾಗಿಲನ್ನು ಅಕ್ಕನ ಓಣಿಯಲ್ಲಿ ಇಡುತ್ತದೆ. ಎರಡೂ ಇರುವ ತನಕ ಯಾರಿಗೂ ತಿಳಿಯುವುದಿಲ್ಲ. ಅಕ್ಕ ಹೊರಟುಹೋದರೆ ಮನೆ ಇದೆ, ಬಾಗಿಲಿಲ್ಲ. ಕೇಬಲ್ ಕಿತ್ತಿಟ್ಟರೆ ಮನೆ, ಬಾಗಿಲು ಎರಡೂ ಒಂದೇ ಕಡೆ ಆಗುತ್ತವೆ. ಹಿರಿಯರು ಅಳಿಯನಿಂದ ಡ್ರೈವ್ ವಾಪಸು ತಂದರು. ಅಳಿಯ ಮುಂದಿನ ಹಬ್ಬಕ್ಕೆ ಬರಲಿಲ್ಲವಂತೆ. ಅದು ನಮ್ಮ ರಿಪೇರಿಗೆ ಬರುವ ವಿಷಯವಲ್ಲ.

ಕಾಗವಾಡ ಕಡೆಯ ದ್ರಾಕ್ಷಿ ತೋಟದವರೊಬ್ಬರ ಮನೆಯ ಕೆಲಸವನ್ನೂ ಹೇಳುತ್ತೇನೆ. ವಿಂಡೋಸ್ ಹಾಕಿ ಮುಗಿದಿತ್ತು, ಸೆರಗಿನಲ್ಲಿ ಗಂಟು ಇನ್ನೂ ಇತ್ತು. ಮನೆಯ ಅಜ್ಜ ಪೂಜೆ ಆಗದೆ ಮುಂದೆ ಹೋಗಬಾರದು ಎಂದರು. ಕುಂಕುಮ ಹಚ್ಚಿದರು, ಊದಿನಕಡ್ಡಿ ಬೆಳಗಿದರು. ನಮ್ಮಲ್ಲಿ ಆ ಪದ್ಧತಿ ಇಲ್ಲ, ನಾನು ಬ್ರಷ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅಜ್ಜ ಟ್ರ್ಯಾಕ್ಟರಿಗೆ ಒಡೆದ ಅಭ್ಯಾಸದಿಂದ ಕಾಯಿಯನ್ನು ಕಂಪ್ಯೂಟರ್ ಡಬ್ಬಿಯ ಮೇಲೆಯೇ ಒಡೆದರು. ಗಾಳಿ ಆಡಲಿ ಎಂದು ಮೇಲೆ ಜಾಲರಿ ಇರುತ್ತದಲ್ಲ, ನೀರೆಲ್ಲ ಅದರೊಳಗೆ ಹೋಯಿತು. ನಾನು ಗೋಡೆಯ ಪ್ಲಗ್ ಎಳೆದೆ. ಅಜ್ಜ ಕೇಳಿದರು: “ಯಾಕವಾ, ಅಪಶಕುನ ಆತೇನ?” “ಇಲ್ಲ ಅಜ್ಜಾರ, ಜಳಕ ಆತು” ಎಂದೆ. ಬಿಸಿಲಿಗೆ ಇಟ್ಟು ಒಣಗಿಸಿದೆವು. ಸಣ್ಣ ಇರುವೆಗಳು ಬಹಳ ದಿನ ಬರುತ್ತಿದ್ದವಂತೆ. ಪೂಜೆ ಬೇಡ ಎಂದು ಗಿರಾಕಿಗೆ ಹೇಳಬೇಡಿ. ಮುಂದೆ ಒಡೆಯಿರಿ, ಮೇಲೆ ಒಡೆಯಬೇಡಿ ಎಂದಷ್ಟೇ ಹೇಳಿ.

ಆಮೇಲೆ ಕೆಲಸದ ರೀತಿ ಬದಲಾಯಿತು. ಮೊದಲು ವಿಂಡೋಸ್ ಸಿಡಿಯಲ್ಲಿ ಬರುತ್ತಿತ್ತು. ಗೀರು ಬಿದ್ದ ಸಿಡಿಯನ್ನು ಸೀರೆಗೆ ಒರೆಸಿ ಒರೆಸಿ ನನ್ನ ಒಂದು ಸೀರೆಯ ಬಣ್ಣ ಹೋಯಿತು. ಈಗ ಎಲ್ಲ ಪೆನ್ ಡ್ರೈವಿನಲ್ಲಿ. ಅಗಲ ನವಾರು ಹೋಗಿ ಬೆರಳಗಲದ ಕೆಂಪು ಕೇಬಲ್ ಬಂತು. ಗಂಟು ಬುತ್ತಿಯಿಂದ ಅಡಿಕೆಯಷ್ಟಾಯಿತು. ಯಜಮಾನ, ಆಳು ಎಂಬ ಪಿನ್ನೂ ಹೋಯಿತು. ಅದನ್ನು ಯಾರು ತೆಗೆಸಿದರೋ, ಅವರಿಗೆ ಒಳ್ಳೆಯದಾಗಲಿ. ಈಗಿನ ತಂಗಿಗೆ ಕೇಬಲ್ಲೇ ಇಲ್ಲ. ಚೂಯಿಂಗ್ ಗಮ್ಮಿನ ಪಟ್ಟಿಯಂತೆ ಇರುತ್ತಾಳೆ, ಒಳಗಿನ ಬೋರ್ಡಿಗೇ ಒಂದು ಸಣ್ಣ ಸ್ಕ್ರೂ ಹಾಕಿ ಕೂರಿಸುವುದು. ಆ ಸ್ಕ್ರೂ ಜೋಳದ ನುಚ್ಚಿನಷ್ಟಿದೆ. ಅದು ನನ್ನ ಕಣ್ಣಿಗೆ ಕಾಣದಾದ ದಿನ ನಾನು ಕೆಲಸ ಬಿಟ್ಟೆ.

ಅಷ್ಟರಲ್ಲಿ ಅಣ್ಣಾ ಮನೆಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು. ಅಂಗಡಿ ಅವರ ಮಗ ವರ್ಧಮಾನನ ಕೈಗೆ ಬಂದಿತ್ತು. ಪ್ರಣಾಲಿ ನನ್ನ ಮಗನ ಮಗಳು, ನನ್ನನ್ನು ಆಯಿ ಎನ್ನುತ್ತಾಳೆ. ಸಣ್ಣವಳಿದ್ದಾಗಿನಿಂದ ನನ್ನ ಬ್ರಷ್ ಹಿಡಿದು ಆಡಿದವಳು. ಕಾಲೇಜು ಮುಗಿಸಿ ವರ್ಧಮಾನನ ಹತ್ತಿರ ಕೆಲಸ ಕಲಿತಳು. ಅವಳು ಎಷ್ಟು ಚೆನ್ನಾಗಿ ಕಲಿತಳು ಎಂದು ಬರೆಯಲು ಹೊರಟರೆ ಈ ಬರಹ ಮುಗಿಯುವುದಿಲ್ಲ. ನಾಲ್ಕು ಸಾಲು ಬರೆದಿದ್ದೆ, ಅವಳೇ ಹೊಡೆದುಹಾಕಿದಳು.

ಸದಲಗಾದ ದಸ್ತಗೀರ ಎಂಬ ಫೋಟೊ ಸ್ಟುಡಿಯೋದವನು ನಮ್ಮ ಅಂಗಡಿಯಿಂದ ಹೊಸ ಕಂಪ್ಯೂಟರ್ ಒಯ್ದಿದ್ದ. ತಂಗಿ ಹೊಸಬಳು. ಅವನ ಹಳೆಯ ದೊಡ್ಡ ಡ್ರೈವನ್ನು ಅಲ್ಲಿಯೇ ತೆಗೆದು ಇದರಲ್ಲಿ ಅಕ್ಕನಾಗಿ ಕೂರಿಸಬೇಕು. ಅದರಲ್ಲಿ ಅವನು ತೆಗೆದ ಎಲ್ಲ ಲಗ್ನಗಳೂ ಇದ್ದವು. ಐನಾಪುರದ ಒಂದು ಲಗ್ನದ ಫೋಟೊಗಳನ್ನು ಇನ್ನೂ ಅವರಿಗೆ ಕೊಟ್ಟೇ ಇರಲಿಲ್ಲ. ಇನ್ನೊಂದು ಪ್ರತಿ ಇದೆಯೇ ಎಂದು ವರ್ಧಮಾನ ಕೇಳಿದ್ದಕ್ಕೆ “ಮಾಡಬೇಕಂತ ಇದ್ನಿ” ಎಂದಿದ್ದ. ಎಲ್ಲ ಗಿರಾಕಿಗಳೂ ಹಾಗೇ ಹೇಳುತ್ತಾರೆ.

ವರ್ಧಮಾನ ಪ್ರಣಾಲಿಗೆ ಹೇಳಿದ: “ಈ ಕೆಲಸ ನೀನ ಒಬ್ಬಾಕಿ ಮಾಡಿ ಬಾ. ಸರಿ ಆತಂದ್ರ ನಿಮ್ಮ ಆಯಿ ಕುರ್ಚಿ ನಿಂದು. ಕೆಟ್ಟಿತಂದ್ರ ಕಸಬರಗಿ ಅಲ್ಲೇ ಐತಿ.”

ಅವಳು ಮುಂಜಾನೆ ಬಸ್ಸಿಗೆ ಹೋದಳು. ಸಂಜೆಯಾಗುವ ಮೊದಲೇ ನಗುತ್ತ ಬಂದಳು. “ಆಯಿ, ಆತು! ಕಣ್ಣ ಮುಚ್ಚಿ ತಗಿಯೂದರಾಗ ಚಾಲೂ ಆಕೈತಿ ನೋಡು.” ನಾನು ಆಗಲೇ ಪೇಡೆ ತರಿಸಿ ಇಟ್ಟಿದ್ದೆ. ಓಣಿಗೆ ಹಂಚುತ್ತಿದ್ದೆ. ಮೂರನೆಯ ಮನೆಯಲ್ಲಿದ್ದಾಗ ಪ್ರಣಾಲಿಯ ಫೋನ್ ಬಡಿಯಿತು. ನಾನು ಬರುವಷ್ಟರಲ್ಲಿ ಅವಳು ಫೋನಿನ ಧ್ವನಿ ಜೋರು ಮಾಡಿ ಮೇಜಿನ ಮೇಲೆ ಇಟ್ಟಿದ್ದಳು.

“ಬೇಟಾ, ದೊಡ್ಡ ಡ್ರೈವ್ ಕಾಣವಲ್ದು!” ದಸ್ತಗೀರ ಒದರುತ್ತಿದ್ದ. “ನಾ ಶೂಟಿಂಗ್ ಮುಗಿಸಿ ಈಗ ಬಂದೆ. ಒಂದ ಡ್ರೈವ್ ತೋರ್ಸಾಕತ್ತೈತಿ. ಅದ್ರಾಗ ನಿನ್ನ ವಿಂಡೋಸ್ ಬಿಟ್ರ ಏನೇನೂ ಇಲ್ಲ. ಐನಾಪುರದ ಮಂದಿ ಇಲ್ಲೇ ಕುಂತಾರ ಫೋಟೊ ಒಯ್ಯಾಕ!”

ಹಿಂದಿನಿಂದ ಒಂದು ಹೆಂಗಸಿನ ದನಿ: “ಯಾರದು, ಆ ಹುಡಿಗೇನ? ಕೊಡ್ರಿ ಇಲ್ಲೆ. ಏ ತಂಗಿ, ನಮ್ಮ ಅಣ್ಣಾ ಎಷ್ಟೋ ವರ್ಷದ ಸಿಟ್ಟ ಬಿಟ್ಟು ನನ್ನ ಮಗಳ ಲಗ್ನಕ್ಕ ಬಂದ ನಿಂತಿದ್ದ. ಆ ಫೋಟೊ ಇಲ್ಲಂದ್ರ ನಾಳೆ ನಾ ಬಂದೇ ಇಲ್ಲ ಅಂತಾನ ಅಂವಾ. ಅಂಥಾ ಮನಶಾ ಅದಾನ!”

ಪ್ರಣಾಲಿ ನನ್ನನ್ನು ನೋಡಿದಳು. “ಆಯಿ, ನಾ ಸಣ್ಣದ್ನ ಆರಿಸಿದ್ನಿ. ಗಾತ್ರ ನೋಡೇ ಆರಿಸಿದ್ನಿ. ನೋಡಿದ್ನೇನ?” ಅಷ್ಟರಲ್ಲಿ ಅವಳಿಗೇ ಖಾತ್ರಿ ಉಳಿದಿರಲಿಲ್ಲ.

ನನಗೆ ಮಾರುತಿ ಮಾಮಾನ ಬೆರಳುಗಳು ನೆನಪಾದವು, ಗಾಳಿಯಲ್ಲಿ ಹೆಣೆಯುವುದು. ಆದರೂ ರಿಪೇರಿಯವರು ಮೊದಲು ಕೇಳಬೇಕಾದ್ದನ್ನು ಕೇಳಿದೆ.

“ಅಕ್ಕನ ಕೇಬಲ್ ಕಿತ್ತಿದ್ದೋ ಇಲ್ಲೋ?”

“ಕಿತ್ತಿದ್ನಿ. ಎಲ್ಲಾಕಿಂತ ಮೊದ್ಲ ಅದನ್ನ ಕಿತ್ತೆ.”

“ಎಲ್ಲಿ ಇಟ್ಟಿ?”

“ಟೇಬಲ್ ಮ್ಯಾಲ ಇಡಬ್ಯಾಡ ಅಂದಿದ್ದಿ. ನನಗ ಸೆರಗಿಲ್ಲ. ಈ ಡ್ರೆಸ್ಸಿಗೆ ಕಿಸೇನೂ ಇಲ್ಲ. ಅದಕ್ಕ…” ಎನ್ನುತ್ತ ಅವಳ ಕೈ ನಿಧಾನವಾಗಿ ತಲೆಯ ಹಿಂದಕ್ಕೆ ಹೋಯಿತು.

“ತಿರಗು” ಎಂದೆ.

ತಿರುಗಿದಳು. ಜಡೆಯ ತುದಿಗೆ ಕೆಂಪು ಕೇಬಲ್ ಸುತ್ತಿ, ಎರಡು ಗಂಟು ಹಾಕಿದ್ದಳು. ಸಾಲೆಯ ಹುಡುಗಿಯರ ರಿಬ್ಬನ್ನಿನಂತೆಯೇ ಕಾಣುತ್ತಿತ್ತು. ಅದಕ್ಕೇ ಬಸ್ಸಿನಲ್ಲಿ, ಓಣಿಯಲ್ಲಿ ಯಾರ ಕಣ್ಣಿಗೂ, ಅವಳ ಬಾಯಿಗೆ ಪೇಡೆ ಇಟ್ಟ ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ. ಸದಲಗಾದಲ್ಲಿ ಅವಳು ತಂಗಿಯನ್ನು ಎಬ್ಬಿಸಿ, ದಸ್ತಗೀರನ ಹೆಂಡತಿಗೆ ತೋರಿಸಿ, ಹೊರಗೆ ಬಸ್ ಹಾರ್ನ್ ಹೊಡೆದದ್ದಕ್ಕೆ ಓಡಿ ಬಂದಿದ್ದಳು. ಅಲ್ಲಿ ಗಂಟು ಬಿಚ್ಚಲೇನು ಎಂದು ಕೇಳುವುದಕ್ಕೆ ಗಂಟಿನ ಸಂಗತಿ ಗೊತ್ತಿದ್ದವರು ಎದುರಿಗೆ ಯಾರೂ ಇರಲಿಲ್ಲ.

ನಾನು ಫೋನಿಗೆ ಹೇಳಿದೆ: “ದಸ್ತಗೀರಾ, ನಾ ಶೇವಂತಾ ಮಾವಶಿ. ಮಿಷನ್ ಬಂದ್ ಮಾಡು. ನೀ ಏನೂ ಮುಟ್ಟಬ್ಯಾಡ. ನಾವು ಬರಾಕತ್ತೀವಿ.”

“ಫೋಟೊ ಅದಾವೇನ್ರಿ ಮಾವಶಿ?”

“ಬಂದು ನೋಡಿ ಹೇಳ್ತೀನಿ.”

ಇದನ್ನು ಹೊಸಬರು ಗಮನಿಸಬೇಕು. ಕಣ್ಣಿನಿಂದ ನೋಡುವ ತನಕ ಇದೆ ಎಂದು ಹೇಳಬಾರದು. ಅಕ್ಕ ಪೆಟ್ಟು ತಿಂದಿರಬಹುದು, ಕೂರಿಸುವಾಗ ಏನಾದರೂ ಆಗಿರಬಹುದು. ಬಸ್ಸಿನಲ್ಲಿ ಪ್ರಣಾಲಿ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಎರಡು ಕೈಯಲ್ಲೂ ಹಿಡಿದು ಕೂತಿದ್ದಳು. ಕಂಡಕ್ಟರ್ ಟಿಕೆಟ್ ಕೇಳಿದಾಗಲೂ ಬಿಡಲಿಲ್ಲ, ನಾನೇ ತೆಗೆಸಿದೆ.

ಸ್ಟುಡಿಯೋದಲ್ಲಿ ಐನಾಪುರದ ಆ ಹೆಣ್ಣುಮಗಳು ಬಾಗಿಲಲ್ಲೇ ನಿಂತಿದ್ದಳು. “ಲಗ್ನ ಮತ್ತೊಮ್ಮೆ ಮಾಡಸಾಕ ಬರಂಗಿಲ್ಲವಾ” ಎಂದಳು. “ಅಳಿಯಾ ಹ್ಞೂಂ ಅಂದಾನು, ಮತ್ತೊಂದ ಸೂಟ್ ಸಿಗತೈತಂತ. ನಮ್ಮ ಅಣ್ಣಾ ಮಾತ್ರ ಎರಡನೇ ಸಲ ಬರಂಗಿಲ್ಲ.”

ಪ್ರಣಾಲಿ ಪ್ಲಗ್ ತೆಗೆದಳು, ಡಬ್ಬಿಯ ಮುಚ್ಚಳ ಬಿಚ್ಚಿದಳು. ಅಕ್ಕ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿದ್ದಳು, ಕೇಬಲ್ ಇಲ್ಲದೆ. ಅವಳು ಜಡೆಯ ತುದಿಯನ್ನು ಕೈಯಲ್ಲಿ ಹಿಡಿದು ಎಲ್ಲರ ಎದುರಿಗೆ ನನ್ನ ಕಡೆ ತಿರುಗಿದಳು.

“ಆಯಿ, ಗಂಟ ಬಿಚ್ಚಲೇನು?”

ನಾನು ಎಷ್ಟೋ ವರ್ಷ ಅಣ್ಣಾರನ್ನು ಕೇಳಿದ ಮಾತು ಅದು. ನನ್ನನ್ನು ಯಾರೂ ಕೇಳಿರಲಿಲ್ಲ.

“ಬಿಚ್ಚವಾ” ಎಂದೆ.

ಬಿಚ್ಚಿದಳು. ಕೂದಲು ಎರಡೆಳೆ ಕೇಬಲ್ಲಿಗೆ ಅಂಟಿ ಬಂತು, ಊದಿ ತೆಗೆದಳು. ಜೋಡಿಸಿದಳು. ಹಚ್ಚಿದಳು. ಪರದೆ ಬಂತು. ಒಂದು ಡ್ರೈವ್ ಕಾಣಿಸಿತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದಲ್ಲಿ ಇನ್ನೊಂದು. ದಸ್ತಗೀರ ಮೌಸ್ ತೆಗೆದುಕೊಂಡು ಐನಾಪುರದ ಲಗ್ನ ತೆರೆದ. ಅರಿಷಿಣ ಬಂತು, ಅಕ್ಷತೆ ಬಂತು, ಊಟದ ಪಂಕ್ತಿ ಬಂತು.

“ನಿಂದರ್ಸು, ನಿಂದರ್ಸು!” ಎಂದಳು ಮದುಮಗಳ ತಾಯಿ.

ಮದುಮಗಳ ಪಕ್ಕದಲ್ಲಿ ತಲೆಗೆ ಪಟಗಾ ಸುತ್ತಿದ ಒಬ್ಬ ಮನುಷ್ಯ ನಿಂತಿದ್ದ. ಔಷಧ ಕುಡಿದವರಂತೆ ಮುಖ ಮಾಡಿದ್ದ. ಆದರೆ ನಿಂತಿದ್ದ.

“ಇಂವನ” ಎಂದಳು ಆಕೆ, ಕಣ್ಣು ಒರೆಸಿಕೊಳ್ಳುತ್ತ. “ನೋಡು, ಹ್ಯಾಂಗ ಸಂತೋಷದಿಂದ ನಿಂತಾನ.”

ಎಲ್ಲ ಫೋಟೊಗಳ ಇನ್ನೊಂದು ಪ್ರತಿಯನ್ನು ದಸ್ತಗೀರ ಅಲ್ಲಿಯೇ ಮಾಡಲು ಹಚ್ಚಿದ. ಇಡೀ ಸದಲಗಾದ ಲಗ್ನಗಳು, ಅದಕ್ಕೆ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಮದುಮಗಳ ತಾಯಿ ಬಿಚ್ಚಿದ ಕೂದಲಿನ ಪ್ರಣಾಲಿಯನ್ನು ತನ್ನ ಮುಂದೆ ಕೂರಿಸಿಕೊಂಡು ಜಡೆ ಹಾಕಿದಳು. ಸೀರೆ ಅಂಗಡಿಯ ಚೀಲಕ್ಕೆ ಕಟ್ಟಿದ್ದ ಕೆಂಪು ರಿಬ್ಬನ್ ಬಿಚ್ಚಿ ತುದಿಗೆ ಕಟ್ಟಿದಳು.

“ಇದನ್ನ ಮಾತ್ರ ಯಾವ ಕಂಪ್ಯೂಟರಿಗೂ ಹಚ್ಚಬ್ಯಾಡ” ಎಂದಳು.

ವರ್ಧಮಾನನಿಗೆ ಪ್ರಣಾಲಿಯೇ ಎಲ್ಲ ಹೇಳಿದಳು, ಏನೂ ಬಿಡದೆ. ಅವನು ನಕ್ಕು, ಕಸಬರಿಗೆಯನ್ನು ಒಳಗೆ ಇಟ್ಟು, ಕುರ್ಚಿ ಹೊರಗೆ ಎಳೆದ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಕೇಬಲ್ಲನ್ನು ಸೆರಗಿನಲ್ಲಿ ಕಟ್ಟಿ, ಜಡೆಯಲ್ಲಿ ಕಟ್ಟಿ, ನಿಮಗೆ ಬೇಕಾದಲ್ಲಿ ಕಟ್ಟಿ. ಆದರೆ ಗಂಟು ಬಿಚ್ಚಲೇ ಎಂದು ಕೇಳಲು ಎದುರಿಗೆ ಒಬ್ಬರನ್ನು ಇಟ್ಟುಕೊಳ್ಳಿ. ಗಿರಾಕಿ ಇಲ್ಲದಿದ್ದರೆ ಗಿರಾಕಿಯ ಮನೆಯವರನ್ನು ಕೇಳಿ. ಯಾರೂ ಇಲ್ಲದಿದ್ದರೆ ಆಯಿಗೆ ಫೋನ್ ಮಾಡಿ.

ನಿನ್ನೆ ಅಥಣಿಯಿಂದ ಮಾರುತಿ ಮಾಮಾ ಫೋನ್ ಮಾಡಿದ್ದರು. ಈ ಸುದ್ದಿಯನ್ನು ನಾನು ಅವರಿಗೂ ಹೇಳಿದ್ದೆ. ಅವರಿಗೆ ಹೊಸ ಕಂಪ್ಯೂಟರ್ ಬೇಕಂತೆ, ಎರಡು ಡ್ರೈವಿನದು. ಮತ್ತೆ ಬರೆದ ನಮೂನೆಗಳೆಲ್ಲ ಹಳೆಯದರಲ್ಲಿ ಇವೆ. ಎಷ್ಟೋ ವರ್ಷ ಅವರು ಆ ಡ್ರೈವನ್ನು ಯಾರ ಕೈಗೂ ಕೊಟ್ಟಿರಲಿಲ್ಲ.

“ಶೇವಂತಕ್ಕ, ನಿನ್ನ ಮೊಮ್ಮಗಳನ್ನ ಕಳಸು” ಎಂದರು. “ಜಡಿ ಹಾಕ್ಕೊಂಡ ಬಾ ಅಂತ ಹೇಳು. ಆಕಿ ಕೆಲಸಾ ಮಾಡೂತನಕ ನಾ ಆಕಿ ಪಾದಾ ಬರಕೊಳ್ತೀನಿ.”